ಸ್ವಂತ ಲಾಭ ಇರುವವರು ಎದ್ದು ಹೊರಗೆ ಹೋಗತಕ್ಕದ್ದು

ಮಾರ್ಚ್ 3, ಸೋಮವಾರ

ಹಾಜರಿದ್ದವರು: ನಾನು, ಇವರು, ಅಕ್ಕ. ಸ್ಥಳ: ನಮ್ಮ ಅಡುಗೆಮನೆ. ವಿಷಯ: ಊರಿನ ಜನ ಕೊನೆಗೂ ಎಚ್ಚೆತ್ತುಕೊಂಡಿರುವ ಬಗ್ಗೆ.

ದಿನಚರಿಯನ್ನೂ ನಡಾವಳಿಯ ಹಾಗೆ ಬರೆಯುತ್ತೀಯಲ್ಲ ಎಂದು ಇವರು ನಗುತ್ತಾರೆ. ಏನು ಮಾಡಲಿ, ಇಪ್ಪತ್ತೆರಡು ವರ್ಷ ನಗರಸಭೆಯಲ್ಲಿ ಕೂತು ಬರೆದು ಬರೆದು ಕೈಗೆ ಅದೇ ಅಭ್ಯಾಸ. ಇಪ್ಪತ್ತಮೂರು ಸದಸ್ಯರು ಪ್ರತಿ ಸೋಮವಾರ ಸೇರಿ ಏನು ಮಾತಾಡಿದರು, ಏನು ತೀರ್ಮಾನಿಸಿದರು ಎಂದು ಬರೆದು, ಮರುದಿನ ಅಧ್ಯಕ್ಷರ ಸಹಿ ಹಾಕಿಸಿ, ಹೊರಗಿನ ಫಲಕಕ್ಕೆ ಅಂಟಿಸುವುದು ನನ್ನ ಕೆಲಸ. ಸಭೆಯಲ್ಲಿ ನಾನು ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಸೀನು ಬಂದರೂ ಕರವಸ್ತ್ರದಲ್ಲಿ ಅದುಮಿಟ್ಟುಕೊಂಡಿದ್ದೇನೆ.

ಸಭಾಂಗಣದ ಮೇಲ್ಗಡೆ ಸಾರ್ವಜನಿಕರಿಗೆಂದು ನಲವತ್ತು ಕುರ್ಚಿಗಳ ಗ್ಯಾಲರಿ ಇದೆ. ಬಿಸಿಲು ಜೋರಾದ ದಿನ ಅಂಚೆಯವನೊಬ್ಬ ಬಂದು ಸುಧಾರಿಸಿಕೊಳ್ಳುವುದು ಬಿಟ್ಟರೆ ಅಲ್ಲಿಗೆ ನರಪಿಳ್ಳೆಯೂ ಹತ್ತುವುದಿಲ್ಲ. ಅಂಥದ್ದರಲ್ಲಿ ಇವತ್ತು ಮೂವತ್ತೊಂದು ಜನ. ಸಲೂನಿನವನು ಅಂಗಡಿ ಮುಚ್ಚಿ ಬಂದಿದ್ದ, ಬ್ರೆಡ್ಡಿನ ಅಂಗಡಿಯವನು ಬಂದಿದ್ದ. ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಅಧ್ಯಕ್ಷರನ್ನೇ ನೋಡುತ್ತಿದ್ದರು. ಚರಂಡಿ ಹೂಳಿನ ವಿಷಯಕ್ಕೆ ಇಷ್ಟು ಶ್ರದ್ಧೆ ನಾನು ಕಂಡಿರಲಿಲ್ಲ. ಮನೆಗೆ ಬಂದು ಹೇಳಿದರೆ ಅಕ್ಕ ನಂಬಲಿಲ್ಲ. ಇವರು ಮಾತ್ರ ತಲೆ ತಗ್ಗಿಸಿ ಊಟ ಮಾಡುತ್ತಾ, ಜನಕ್ಕೂ ಬುದ್ಧಿ ಬರಬೇಕಲ್ಲ ಎಂದರು.

ಇನ್ನೂ ಮೂವತ್ತು ಕುರ್ಚಿ ಬೇಕೆಂದು ಕಚೇರಿಗೆ ಟಿಪ್ಪಣಿ ಸಲ್ಲಿಸಲು ನಿರ್ಣಯಿಸಲಾಯಿತು.

ಮಾರ್ಚ್ 4, ಮಂಗಳವಾರ

ಫಲಕದ ಮುಂದೆ ನೂಕುನುಗ್ಗಲು. ನನ್ನ ನಡಾವಳಿಯನ್ನು ಜನ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಇಷ್ಟು ದಿನ ಅದನ್ನು ಗಾಳಿ ಬಿಟ್ಟು ಬೇರೆ ಯಾರೂ ತಿರುವಿದ್ದಿಲ್ಲ. ಸಭೆ ಮುಗಿದ ಸಮಯವನ್ನು ‘ಸುಮಾರು ಒಂದು ಗಂಟೆ’ ಎಂದು ಬರೆದಿದ್ದೆ. ಸುಮಾರು ಎಂದರೆ ಏನು, ನಿಮಿಷ ಲೆಕ್ಕದಲ್ಲಿ ಹೇಳಿ ಎಂದು ಒಬ್ಬರು ಬಲು ವಿನಯದಿಂದ ಕೇಳಿದರು. ಅಧ್ಯಕ್ಷರು ‘ಅಭಿವೃದ್ಧಿ’ ಎಂಬ ಮಾತು ಎಷ್ಟು ಸಲ ಆಡಿದರೆಂದೂ ನಮೂದಿಸಿದರೆ ಚೆನ್ನ ಎಂದರು ಇನ್ನೊಬ್ಬರು. ಇಂಥ ನಾಗರಿಕರಿದ್ದರೆ ಊರು ಉದ್ಧಾರವಾಗದೆ ಇರುತ್ತದೆಯೇ? ಇನ್ನು ಮುಂದೆ ನಿಮಿಷ ಸಮೇತ ಬರೆಯಲು ನಿರ್ಣಯಿಸಲಾಯಿತು.

ಮಾರ್ಚ್ 10, ಸೋಮವಾರ

ನನ್ನಷ್ಟು ಪೆದ್ದಿ ಈ ಊರಿನಲ್ಲಿ ಇನ್ನೊಬ್ಬಳಿಲ್ಲ ಎಂದು ದಾಖಲಿಸಲಾಗಿದೆ.

ನಮ್ಮಲ್ಲಿ ಒಬ್ಬರು ಹಿರಿಯ ಸದಸ್ಯರಿದ್ದಾರೆ, ಎಂಬತ್ತೊಂದು ವರ್ಷ. ಹಾಜರಿ ಹಾಕಿದ ತಕ್ಷಣ ನಿದ್ದೆ ಹೋಗುತ್ತಾರೆ, ಊಟದ ಗಂಟೆಗೆ ಏಳುತ್ತಾರೆ. ಇವತ್ತು ಹನ್ನೆರಡಕ್ಕೆ ಸರಿಯಾಗಿ ಗ್ಯಾಲರಿಯಿಂದ ಯಾರೋ ತಗಡಿನ ಡಬ್ಬಿ ಬೀಳಿಸಿದರು. ಅವರು ದಡಬಡಿಸಿ ಎದ್ದು ಕೂತರು. ಗ್ಯಾಲರಿಯ ಅರ್ಧ ಜನ ಚಪ್ಪಾಳೆ ತಟ್ಟಿದರು, ಇನ್ನರ್ಧ ತಲೆ ಮೇಲೆ ಕೈ ಹೊತ್ತು ಕೂತರು. ಸಲೂನಿನವನ ಕಣ್ಣಲ್ಲಿ ನೀರು.

ಮನೆಗೆ ಬಂದವಳೇ ಇವರನ್ನು ಕೇಳಿದೆ. ಇವರು ಗಡಿಯಾರ ರಿಪೇರಿ ಮಾಡುವವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಸುಳ್ಳು ಹೇಳುವುದು ಸುಲಭ, ಎದುರಿನವರಿಗೆ ಕಣ್ಣು ಕಾಣುವುದಿಲ್ಲ. ಅದನ್ನು ತೆಗೆಸಿ ಕೇಳಿದೆ. ಫೋನಿನಲ್ಲಿ ಒಂದು ಬೆಟ್ಟಿಂಗ್ ಆ್ಯಪ್ ಬಂದಿದೆಯಂತೆ. ಆಟ, ಓಟ ಎಲ್ಲ ಹಳೆಯದಾಯಿತೆಂದು ಈಗ ಊರೂರಿನ ಸಭೆಗಳ ಮೇಲೆ ಪಣ. ಅಧ್ಯಕ್ಷರು ಎಷ್ಟು ಸಲ ಅಭಿವೃದ್ಧಿ ಎನ್ನುತ್ತಾರೆ, ಹಿರಿಯರು ಹನ್ನೆರಡರೊಳಗೆ ಏಳುತ್ತಾರೋ ಇಲ್ಲವೋ, ಸಭೆ ಒಂದು ಗಂಟೆಗೆ ಮೊದಲು ಮುಗಿಯುತ್ತದೋ ಇಲ್ಲವೋ. ಗೆದ್ದವರು ಯಾರು, ಸೋತವರು ಯಾರು ಎಂದು ತೀರ್ಮಾನಿಸುವುದು ಫಲಕಕ್ಕೆ ಅಂಟಿಸಿದ ನಡಾವಳಿ.

“ಅಂದ್ರೆ ನಾನು ಬರೆದಿದ್ದು?” ಎಂದೆ.

“ನೀನು ಬರೆದಿದ್ದೇ ಕೊನೇ ಮಾತು,” ಎಂದರು. ಇವರೂ ಸಣ್ಣಪುಟ್ಟದು ಕಟ್ಟಿದ್ದರಂತೆ. ಹಿರಿಯರು ಏಳುವುದಿಲ್ಲ ಎಂದು.

ಸಿಟ್ಟು ಬಂತು. ಸ್ವಲ್ಪ ಹೆಮ್ಮೆಯೂ ಆಯಿತು. ಹೆಮ್ಮೆಯಾದದ್ದನ್ನು ಬೇರೆಲ್ಲೂ ದಾಖಲಿಸತಕ್ಕದ್ದಲ್ಲ.

ಮಾರ್ಚ್ 17, ಸೋಮವಾರ

ಸದಸ್ಯರಿಗೂ ಆ್ಯಪ್ ತಲುಪಿದೆ. ಸಭೆ ಹನ್ನೆರಡೂಕಾಲಿಗೇ ಮುಗಿಯುವಂತಿತ್ತು. ದನಿ ದೊಡ್ಡದೆಂದು ಊರೆಲ್ಲ ಗುಡುಗು ಎಂದು ಕರೆಯುವ ಸದಸ್ಯರು ಎದ್ದು ನಿಂತು, ಊರಿನ ನೀರಿನ ಕೊಳವೆಗಳ ಅಳತೆಯನ್ನು ಬೀದಿಬೀದಿಯಾಗಿ ಓದತೊಡಗಿದರು. ಗಡಿಯಾರ ನೋಡುತ್ತಾ ಓದಿದರು. ಒಂದು ಗಂಟೆ ಒಂದು ನಿಮಿಷಕ್ಕೆ, ಇನ್ನೂ ಅರ್ಧ ಬೀದಿಗಳು ಬಾಕಿ ಇರುವಾಗಲೇ ಕೂತರು. ಆಚೆ ಕಡೆಯ ಬೆಂಚಿನವರು ಗುಡುಗಿನವರನ್ನು ಕೆಕ್ಕರಿಸಿ ನೋಡಿದರು. ಮೊದಲೆಲ್ಲ ಸದಸ್ಯರು ಪಕ್ಷಕ್ಕಾಗಿ ಜಗಳವಾಡುತ್ತಿದ್ದರು. ಈಗ ಎರಡೂ ಪಕ್ಷಗಳಲ್ಲಿ ಒಂದು ಗಂಟೆಗೆ ಮೊದಲಿನವರು, ಒಂದು ಗಂಟೆಯ ನಂತರದವರು ಎಂದು ಬೇರೆಯೇ ಎರಡು ಪಕ್ಷಗಳಾಗಿವೆ.

ಅಕ್ಕ ನಮ್ಮ ಜೊತೆಯೇ ಇರುತ್ತಾಳೆ, ನಗರಸಭೆಯ ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಸಂಜೆ ಅವಳು ಹೇಳಿದ್ದು ಕೇಳಿ ನನಗೆ ಊಟ ಸೇರಲಿಲ್ಲ. ಇವತ್ತು ಎಷ್ಟು ಹೆರಿಗೆ ಎಂದು ಅಲ್ಲೂ ಪಣ ಶುರುವಾಗಿದೆ. ಹೆಂಡತಿ ಒಳಗೆ ನೋವು ತಿನ್ನುತ್ತಿದ್ದರೆ ಗಂಡ ಎನ್ನಿಸಿಕೊಂಡವನು ಬಾಗಿಲಲ್ಲಿ ಫೋನ್ ಹಿಡಿದು ನಿಂತು, ಹನ್ನೆರಡರೊಳಗೆ ಆಗುವ ಹಾಗೆ ಮಾಡಿ ಸಿಸ್ಟರ್ ಎಂದನಂತೆ. ಅಕ್ಕ ನೆಲ ಒರೆಸುವ ಬಕೆಟ್ ಎತ್ತಿ ಅವನ ಮೇಲೆ ಸುರಿದಿದ್ದಾಳೆ. ಫೋನೂ ನೆನೆಯಿತಂತೆ. ಮಗು ಮೂರೂವರೆಗೆ ತನಗಿಷ್ಟ ಬಂದಾಗ ಹುಟ್ಟಿತು, ಹೆಣ್ಣು, ಒಳ್ಳೆ ತೂಕ.

ಮಾರ್ಚ್ 18, ಮಂಗಳವಾರ

ಒಬ್ಬ ಗುರುತಿಲ್ಲದ ಮನುಷ್ಯ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಲಕೋಟೆ ಇಟ್ಟ. ಒಂದು ಗಂಟೆ ಒಂದು ನಿಮಿಷವನ್ನು ಹನ್ನೆರಡು ಐವತ್ತೊಂಬತ್ತು ಎಂದು ಬರೆದರೆ ಸಾಕಂತೆ, ಎರಡೇ ನಿಮಿಷದ ಮಾತು. ಲಕೋಟೆಯನ್ನು ಸ್ಕೇಲಿನ ತುದಿಯಿಂದ ತಳ್ಳಿ ಮೇಜಿನಿಂದ ಕೆಳಗೆ ಬೀಳಿಸಿದೆ. ಅವನು ಬಗ್ಗಿ ಎತ್ತಿಕೊಂಡು ಹೋದ. ಯಾರಿಗೂ ದೂರು ಕೊಡಲಿಲ್ಲ. ನಮ್ಮ ಕೆಲಸ ಬರೆಯುವುದು, ಮಾತಾಡುವುದಲ್ಲ.

ಮಾರ್ಚ್ 24, ಸೋಮವಾರ

ಮುಂದಿನ ಸೋಮವಾರದ ವಿಷಯಪಟ್ಟಿ ಸಿದ್ಧವಾಯಿತು. ನಾಲ್ಕನೆಯದು: ಹೆರಿಗೆ ಆಸ್ಪತ್ರೆಯನ್ನು ಮುಚ್ಚುವ ಬಗ್ಗೆ.

ಇದು ಪ್ರತಿವರ್ಷ ಬರುವ ವಿಷಯವೇ. ಆಸ್ಪತ್ರೆಯಿಂದ ಖರ್ಚೇ ಹೊರತು ವರಮಾನವಿಲ್ಲ ಎಂದು ಒಬ್ಬ ಸದಸ್ಯರು ಎದ್ದು ಹೇಳುತ್ತಾರೆ, ಉಳಿದವರು ಬೇಡ ಎನ್ನುತ್ತಾರೆ, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆ್ಯಪಿನವರು ಇದರ ಮೇಲೂ ಪಣ ತೆರೆದಿದ್ದಾರೆ. ಮುಚ್ಚುವುದಿಲ್ಲ ಎಂದು ಕಟ್ಟಿದವರಿಗೆ ಗೆದ್ದರೂ ಚಿಲ್ಲರೆ ಸಿಗುತ್ತದೆ. ಮುಚ್ಚುತ್ತದೆ ಎಂದು ಕಟ್ಟಿದವರಿಗೆ ಒಂದಕ್ಕೆ ಹತ್ತು, ಯಾಕೆಂದರೆ ಅದು ಆಗುತ್ತದೆಂದು ಯಾರೂ ನಂಬುವುದಿಲ್ಲ.

ಆಗದ್ದನ್ನು ಆಗಿಸುವ ಕೈ ಯಾರಿಗಿದೆಯೋ ಅವರಿಗೆ ಹಬ್ಬ. ಕೈ ಎತ್ತುವವರು ಇಪ್ಪತ್ತಮೂರು ಜನ ಮಾತ್ರ. ಅವರಲ್ಲಿ ಎಷ್ಟೋ ಮಂದಿ ಮೈದುನನ ಹೆಸರಲ್ಲಿ, ಡ್ರೈವರನ ಹೆಸರಲ್ಲಿ ‘ಮುಚ್ಚುತ್ತದೆ’ ಎಂದು ಕಟ್ಟಿದ್ದಾರಂತೆ. ಸಲೂನಿನಲ್ಲಿ ಕೂತು ಬಾಯಿ ಬಿಟ್ಟು ಹೇಳಿಕೊಳ್ಳುತ್ತಾರೆ. ಆಸ್ಪತ್ರೆ ಮುಚ್ಚಬೇಕೆಂದು ಅವರಲ್ಲಿ ಒಬ್ಬರಿಗೂ ಅನ್ನಿಸಿಲ್ಲ. ಆ ಜಾಗ ಯಾರಿಗೂ ಬೇಕಿಲ್ಲ. ಆಸ್ಪತ್ರೆಯ ಮೇಲೆ ಯಾರಿಗೂ ಹಗೆಯಿಲ್ಲ. ಅದೇ ನನ್ನ ಹೊಟ್ಟೆ ಉರಿಸುತ್ತಿರುವುದು. ಹಗೆಯಿದ್ದರೆ ವಾದ ಮಾಡಬಹುದಿತ್ತು.

ಅಕ್ಕ ಲೆಕ್ಕ ಹಾಕಿ ಹೇಳಿದಳು, ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಎರಡು ಗಂಟೆ. ಎರಡು ಗಂಟೆ ಕಾಯದ ಹೆರಿಗೆಗಳು ತಿಂಗಳಿಗೆ ಏಳೆಂಟು ಇರುತ್ತವೆ. ಅಷ್ಟು ಹೇಳಿ ಎದ್ದು ಹೋಗಿ ತನ್ನ ಬಿಳಿ ಚಪ್ಪಲಿಯನ್ನು ಉಜ್ಜಿ ಉಜ್ಜಿ ತೊಳೆದಳು. ಅದು ಮೊದಲೇ ಶುಭ್ರವಾಗಿತ್ತು.

ಮಾರ್ಚ್ 26, ಬುಧವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ವಿಷಯವನ್ನು ಮುಂದೂಡಲು ಏನಾದರೂ ದಾರಿ ಇದೆಯೇ ಎಂದು ನಿಯಮಗಳ ಪುಸ್ತಕ ತೆಗೆದೆ. ಮುಂದೂಡಲು ದಾರಿ ಸಿಗಲಿಲ್ಲ. ಮೂವತ್ತೊಂದನೆಯ ನಿಯಮ ಕಣ್ಣಿಗೆ ಬಿತ್ತು. ಮತಕ್ಕೆ ಹಾಕುವ ಮುನ್ನ ನಡಾವಳಿ ಬರೆಯುವವರು ಎದ್ದು ನಿಂತು ಗಟ್ಟಿಯಾಗಿ ಓದತಕ್ಕದ್ದು: ‘ಈ ವಿಷಯದಲ್ಲಿ ಸ್ವಂತ ಲಾಭನಷ್ಟ ಇರುವ ಸದಸ್ಯರು ಅಥವಾ ನೌಕರರು ಇದ್ದಲ್ಲಿ ಎದ್ದು ತಿಳಿಸಿ ಹೊರಗೆ ಹೋಗತಕ್ಕದ್ದು.’ ಇದ್ದೂ ಮುಚ್ಚಿಟ್ಟದ್ದು ಸಾಬೀತಾದರೆ ಸದಸ್ಯತ್ವ ಹೋಗುತ್ತದೆ.

ನನಗೆ ಗೊತ್ತಿಲ್ಲದ ನಿಯಮವಲ್ಲ. ಪ್ರತಿ ವಿಷಯದ ಕೆಳಗೂ ‘ನಿಯಮ 31 ಅನ್ನು ಓದಿ ಹೇಳಲಾಯಿತು’ ಎಂದು ನಾನೇ ಬರೆಯುತ್ತೇನೆ. ಬರೆಯುತ್ತೇನೆ ಅಷ್ಟೇ, ಓದಿದ್ದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ನನಗಿಂತ ಹಿಂದೆ ಇದ್ದವರು ಹೇಳಿಕೊಟ್ಟಿದ್ದರು, ಅದನ್ನು ಓದುತ್ತಾ ಕೂತರೆ ಊಟ ತಡವಾಗುತ್ತದಮ್ಮ, ಬರೆದುಬಿಡು ಸಾಕು ಎಂದು. ಬರೆದುಬಿಟ್ಟೆ. ಇಪ್ಪತ್ತೆರಡು ವರ್ಷ, ಪ್ರತಿ ಸೋಮವಾರ, ಪ್ರತಿ ವಿಷಯಕ್ಕೆ ಒಂದರಂತೆ ಸುಳ್ಳು. ಲಕೋಟೆಯವನನ್ನು ಸ್ಕೇಲಿನಿಂದ ತಳ್ಳಿದ ಸತ್ಯವಂತೆ ನಾನು.

ಈಗ ಎದ್ದು ನಿಂತು ಓದಿದರೆ, ಇಷ್ಟು ವರ್ಷ ಯಾಕೆ ಓದಲಿಲ್ಲ ಎಂದು ಕೇಳುತ್ತಾರೆ. ಪಿಂಚಣಿಗೆ ಇನ್ನೆರಡು ವರ್ಷ ಇದೆ. ಕೆಲಸ ಹೋದರೆ ಅದೂ ಹೋಗುತ್ತದೆ.

ಮಾರ್ಚ್ 29, ಶನಿವಾರ

ಮೂರು ದಿನ ಯಾರಿಗೂ ಹೇಳದೆ ಇದ್ದೆ. ಇವತ್ತು ಅಕ್ಕ ಕೆಲಸಕ್ಕೆ ಹೋದ ಮೇಲೆ ಇವರಿಗೆ ಹೇಳಿದೆ. ನಿಯಮದ ಬಗ್ಗೆ, ನನ್ನ ಸುಳ್ಳಿನ ಬಗ್ಗೆ, ಸೋಮವಾರ ಎದ್ದು ಓದಬೇಕೆಂದಿರುವ ಬಗ್ಗೆ. ಇವರ ಮುಖ ಹುಳ್ಳಗಾಯಿತು. ನನ್ನ ಕೆಲಸ ಹೋಗುತ್ತದೆಂಬ ಭಯ ಎಂದುಕೊಂಡು ನಾನೇ ಸಮಾಧಾನ ಹೇಳಹೊರಟೆ.

“ಅದಲ್ಲ,” ಎಂದರು. “ಅಡುಗೆಮನೆ ಸೂರು ರಿಪೇರಿಗೆ ಅಂತ ಇಟ್ಟಿದ್ವಲ್ಲ, ಆ ದುಡ್ಡು ಪೂರ್ತಿ ಕಟ್ಟಿದೀನಿ. ಮುಚ್ಚುತ್ತೆ ಅಂತ.”

ಅಕ್ಕನ ಆಸ್ಪತ್ರೆ ಮುಚ್ಚಲಿ ಎಂದು ಅಕ್ಕನ ಜೊತೆಯೇ ಕೂತು ಊಟ ಮಾಡುತ್ತಿದ್ದರೇ ಎಂದು ಕೇಳಿದೆ. ಹೇಗೂ ಮುಚ್ಚುವುದು ಖಾತ್ರಿಯಾಗಿತ್ತಂತೆ. ಅತ್ತಿಗೆಯ ಕೆಲಸ ಹೋದರೆ ಮನೆಗೆ ಒಂದು ಆಧಾರ ಇರಲಿ ಎಂದು ಕಟ್ಟಿದರಂತೆ. ಹೇಳುತ್ತಾ ಹೇಳುತ್ತಾ ತಮಗೇ ತಮ್ಮ ಮಾತು ರುಚಿಸದೆ ನಿಲ್ಲಿಸಿಬಿಟ್ಟರು. ಮೂವತ್ತು ವರ್ಷದಲ್ಲಿ ಇವರ ಮೇಲೆ ಇಷ್ಟು ಸಿಟ್ಟು ನನಗೆ ಬಂದಿರಲಿಲ್ಲ. ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದೆ:

“ಆ ನಿಯಮ ನೌಕರರಿಗೂ ಇದೆ. ನಾನು ಓದಿದ್ರೆ ಮೊದಲು ನನ್ನದನ್ನೇ ಹೇಳ್ಬೇಕು. ನಿಮ್ಮದನ್ನೂ ಹೇಳ್ಬೇಕಾಗುತ್ತೆ. ಅಕ್ಕ ಮೇಲೆ ಗ್ಯಾಲರೀಲಿ ಕೂತಿರ್ತಾಳೆ.”

ಇವರು ಭೂತಗನ್ನಡಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತರು. ಬೇಡ ಎನ್ನಲಿಲ್ಲ.

ಮಾರ್ಚ್ 30, ಭಾನುವಾರ

ಬಚ್ಚಲಿನ ಬಾಗಿಲು ಹಾಕಿಕೊಂಡು ಆ ನಿಯಮವನ್ನು ಗಟ್ಟಿಯಾಗಿ ಹನ್ನೊಂದು ಸಲ ಓದಿದೆ. ಯಾರ ಜೊತೆ ಮಾತಾಡುತ್ತಿದ್ದೀಯ ಎಂದು ಅಕ್ಕ ಹೊರಗಿನಿಂದ ಕೂಗಿ ಕೇಳಿದಳು.

ಮಾರ್ಚ್ 31, ಸೋಮವಾರ

ಎಲ್ಲವನ್ನೂ ಬರೆಯುತ್ತೇನೆ. ಕೈ ನೋಯಲಿ.

ಗ್ಯಾಲರಿ ಕಿಕ್ಕಿರಿದಿತ್ತು, ಮೆಟ್ಟಿಲ ಮೇಲೂ ಜನ. ಮುಂದಿನ ಸಾಲಿನಲ್ಲಿ ಅಕ್ಕ ಕೆಲಸದ ಉಡುಪಿನಲ್ಲೇ ಬಂದು ಕೂತಿದ್ದಳು, ಪಕ್ಕದಲ್ಲಿ ಒಂಬತ್ತು ತಿಂಗಳು ತುಂಬಿದ ಹೆಂಗಸೊಬ್ಬಳು. ಇವರು ಹಿಂದಿನ ಸಾಲಿನಲ್ಲಿ ಸಲೂನಿನವನ ಪಕ್ಕ. ಮೊದಲ ಮೂರು ವಿಷಯಗಳನ್ನು ಇವತ್ತು ಯಾರಿಗೂ ಚರ್ಚಿಸುವ ಮನಸ್ಸಿರಲಿಲ್ಲ, ಮೂರನ್ನೂ ಮುಂದಿನ ವಾರಕ್ಕೆ ಹಾಕಿದರು. ನಾಲ್ಕನೆಯದು ಬಂತು. ನೇರವಾಗಿ ಮತಕ್ಕೆ ಹಾಕೋಣ ಎಂದು ಅಧ್ಯಕ್ಷರು ಕೈ ಉಜ್ಜಿಕೊಂಡರು.

ನಾನು ಎದ್ದು ನಿಂತೆ. ನನ್ನ ಕುರ್ಚಿ ಕಿರ್ರೆಂದಿತು. ನನಗೆ ಮೈ ಸರಿಯಿಲ್ಲವೆಂದುಕೊಂಡು ಅಧ್ಯಕ್ಷರು ನೀರಿನ ಲೋಟ ನನ್ನ ಕಡೆ ಸರಿಸಿದರು. ನೀರು ಕುಡಿದೆ. ಮೂವತ್ತೊಂದನೆಯ ನಿಯಮವನ್ನು ಗಟ್ಟಿಯಾಗಿ ಓದಿದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗುತ್ತಾ ಹೋದದ್ದು ಬೆಂಚಿನಿಂದ ಬೆಂಚಿಗೆ ಕಂಡಿತು. ಗುಡುಗು ಎದ್ದರು.

“ಇದೇನಮ್ಮ ಹೊಸ ಪದ್ಧತಿ? ಇಷ್ಟು ವರ್ಷ ಯಾರೂ ಇದನ್ನ ಓದಿದ್ದಿಲ್ಲ.”

“ಹಳೇ ಪದ್ಧತಿನೇ ಸ್ವಾಮಿ,” ಎಂದೆ. “ಇಪ್ಪತ್ತೆರಡು ವರ್ಷ ನಾನು ಓದದೇನೇ ಓದಿದೀನಿ ಅಂತ ಬರೆದೆ. ಅದು ಸುಳ್ಳು. ಆ ಸುಳ್ಳನ್ನೂ ಇವತ್ತು ದಾಖಲು ಮಾಡಿಸ್ತೀನಿ. ನಿಯಮ ನೌಕರರಿಗೂ ಇದೆ, ಹಾಗಾಗಿ ಮೊದಲು ನಂದು. ನನ್ನ ಅಕ್ಕ ಆ ಆಸ್ಪತ್ರೇಲಿ ನರ್ಸ್. ನನ್ನ ಗಂಡ ಅದು ಮುಚ್ಚುತ್ತೆ ಅಂತ ಬೆಟ್ ಕಟ್ಟಿದಾರೆ. ನಾನು ಹೊರಗೆ ಹೋಗ್ತೀನಿ.”

ಗ್ಯಾಲರಿಯ ಕಡೆ ನೋಡುವ ಧೈರ್ಯ ಬರಲಿಲ್ಲ. ಪೆನ್ನನ್ನೂ ಪುಸ್ತಕವನ್ನೂ ಪಕ್ಕದಲ್ಲಿ ಕೂರುವ ನಮ್ಮ ಟೈಪಿಸ್ಟರ ಮುಂದಿಟ್ಟೆ. ಅವರು ಐವತ್ತರ ಆಸುಪಾಸಿನ ಮನುಷ್ಯ, ಕೈಬರಹವೆಂದರೆ ಮೂಗು ಮುರಿಯುವವರು. ಇವತ್ತು ಎರಡೂ ಕೈಯಲ್ಲಿ ಪೆನ್ನು ಹಿಡಿದುಕೊಂಡರು. ಬಾಗಿಲು ತೆರೆದು ಹೊರಗೆ ಬಂದೆ.

ಪಡಸಾಲೆಯಲ್ಲಿ ಒಂದು ಬೆಂಚು, ಕುಡಿಯುವ ನೀರಿನ ಡ್ರಮ್ಮು, ನನ್ನ ನಡಾವಳಿ ಅಂಟಿಸಿದ ಫಲಕ, ಗೋಡೆ ಗಡಿಯಾರ. ನಾನೊಬ್ಬಳೇ. ಒಳಗಿನಿಂದ ಯಾರೂ ಬರದಿದ್ದರೆ ಎಲ್ಲ ಮುಗಿದಂತೆಯೇ. ನನ್ನ ಮಾನ ನಾನೇ ಹರಾಜು ಹಾಕಿಕೊಂಡು, ಗಂಡನ ಮಾನವನ್ನೂ ಹಾಕಿ, ಆಸ್ಪತ್ರೆಯನ್ನೂ ಉಳಿಸಲಾರದೆ ಹೋದವಳಾಗುತ್ತೇನೆ. ಒಂದು ನಿಮಿಷವಾಯಿತು. ಎರಡಾಯಿತು. ಒಳಗೆ ಗುಡುಗಿನವರ ದನಿ, ನಂದೇನೂ ಇಲ್ಲ, ನಂದೇನೂ ಇಲ್ಲ ಎಂದು. ಅದರ ಮೇಲೆ ಗ್ಯಾಲರಿಯಿಂದ ಸಲೂನಿನವನ ದನಿ:

“ಸ್ವಾಮೀ, ಶನಿವಾರ ನನ್ನ ಕುರ್ಚೀಲೇ ಕೂತು, ಮುಖದ ತುಂಬ ಸೋಪಿರುವಾಗ್ಲೇ ಕಟ್ಟಿದ್ರಲ್ಲ. ಫೋನಿಗೆ ಮೆತ್ಕೊಂಡಿದ್ದ ಸೋಪು ನಾನೇ ಒರೆಸಿಕೊಟ್ಟೆ.”

ಬಿದ್ದು ಬಿದ್ದು ನಕ್ಕರು ಒಳಗೆ. ಸಲೂನಿನವನಿಗೇನೂ ನ್ಯಾಯದ ಮೇಲೆ ಪ್ರೀತಿ ಉಕ್ಕಿದ್ದಲ್ಲ. ಅವನು ‘ಮುಚ್ಚುವುದಿಲ್ಲ’ ಎಂದು ಕಟ್ಟಿದ್ದ. ಹಾಗೆ ಕಟ್ಟಿದವರೆಲ್ಲ ಈಗ ಗ್ಯಾಲರಿಯಿಂದ ಒಬ್ಬೊಬ್ಬ ಸದಸ್ಯರ ಲೆಕ್ಕ ಒಪ್ಪಿಸತೊಡಗಿದರು, ಯಾರು ಎಲ್ಲಿ ಕೂತು ಯಾರ ಹೆಸರಲ್ಲಿ ಕಟ್ಟಿದರೆಂದು. ಅವರ ದುರಾಸೆಯೂ ಒಂದು ದಿನ ಊರಿನ ಕೆಲಸಕ್ಕೆ ಬಂತು.

ಬಾಗಿಲು ತೆರೆಯಿತು. ಹೋದ ವರ್ಷ ಗೆದ್ದ ಹೊಸ ಸದಸ್ಯೆ ತಲೆ ತಗ್ಗಿಸಿಕೊಂಡು ಬಂದು ಡ್ರಮ್ಮಿನ ಪಕ್ಕ ನಿಂತಳು. ಅವಳ ಹಿಂದೆ ಇಬ್ಬರು. ಆಮೇಲೆ ನಾಲ್ವರು ಒಟ್ಟಿಗೆ, ಸಾವಿನ ಮನೆಯಿಂದ ಬಂದವರ ಹಾಗೆ. ಆಮೇಲೆ ಗುಡುಗು, ತುಟಿ ಹೊಲಿದುಕೊಂಡು. ನಾನು ಬೆರಳಲ್ಲಿ ಎಣಿಸಿದೆ, ಬೆರಳು ಸಾಲದಾಯಿತು. ಹದಿನಾಲ್ಕನೆಯವರಾಗಿ ಸ್ವತಃ ಅಧ್ಯಕ್ಷರು, ಕೈಯಲ್ಲಿ ಚಹಾ ಕಪ್ಪು ಹಿಡಿದುಕೊಂಡೇ ಬಂದರು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಾರದೆ ಎಲ್ಲರೂ ಫಲಕದ ಕಡೆ ತಿರುಗಿ ನನ್ನ ನಡಾವಳಿ ಓದತೊಡಗಿದರು. ಸದಸ್ಯರೆನ್ನಿಸಿಕೊಂಡವರು ಅದನ್ನು ಓದಿದ್ದು ಇದೇ ಮೊದಲು. ಅಧ್ಯಕ್ಷರು ಒಂದು ಅಕ್ಷರದ ತಪ್ಪನ್ನೂ ಹುಡುಕಿ ತೋರಿಸಿದರು. ತಿದ್ದುತ್ತೇನೆ ಎಂದೆ.

ಆಗ ಗ್ಯಾಲರಿಯ ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಇವರು ಇಳಿದು ಬಂದರು. ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಪಕ್ಕ ಬಂದು ನಿಂತರು.

“ಆ ನಿಯಮ ನಿಮಗಿಲ್ಲ,” ಎಂದೆ ಮೆಲ್ಲಗೆ. “ಗ್ಯಾಲರಿಯವರು ಕೂತಿರಬಹುದು.”

“ಗೊತ್ತು,” ಎಂದರು. “ಅತ್ತಿಗೆ ತಿರುಗಿ ನೋಡಿದ್ರು. ಅಲ್ಲಿ ಕೂತಿರೋಕಾಗಲಿಲ್ಲ.”

ಇವರ ಹಿಂದೆ ಬ್ರೆಡ್ಡಿನ ಅಂಗಡಿಯವನು ಇಳಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಯಾರೂ ಅವರಿಗೆ ಹೋಗಿ ಎಂದಿರಲಿಲ್ಲ. ನಾಚಿಕೆಯೂ ಆಕಳಿಕೆಯ ಹಾಗೆ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೋ ಏನೋ. ಕೊನೆಗೆ ಸಲೂನಿನವನೂ ಗೊಣಗುತ್ತಾ ಬಂದ, ತನ್ನದೂ ಲಾಭದ ಲೆಕ್ಕವೇ ಅಲ್ಲವೇ ಎಂದು. ಪಡಸಾಲೆ ತುಂಬಿ ರಸ್ತೆಯವರೆಗೆ ಜನ. ಮೇಲೆ ಉಳಿದವರು ಹನ್ನೊಂದೇ ಮಂದಿಯಂತೆ.

ಒಳಗೆ ಆದದ್ದನ್ನು ಟೈಪಿಸ್ಟು ಬರೆದಿದ್ದಾರೆ. ಒಂಬತ್ತು ಸದಸ್ಯರು ಉಳಿದಿದ್ದರು, ಎಂಟು ಜನ ಇದ್ದರೆ ಸಭೆ ನಡೆಯುತ್ತದೆ. ಅಧ್ಯಕ್ಷರಿಲ್ಲದಾಗ ಹಿರಿಯರೇ ಆ ಕುರ್ಚಿಯಲ್ಲಿ ಕೂರಬೇಕು. ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಕೂರಿಸಿದರು. ಊಟದ ಹೊತ್ತಾಯಿತೇ ಎಂದು ಕೇಳಿದ್ದನ್ನೂ ಟೈಪಿಸ್ಟು ದಾಖಲಿಸಿದ್ದಾರೆ. ವಿಷಯ ತಿಳಿದ ಮೇಲೆ ಅವರು, ನನ್ನ ಮೂರು ಮೊಮ್ಮಕ್ಕಳು ಅಲ್ಲೇ ಹುಟ್ಟಿದಾರೆ, ಅದು ಸ್ವಂತ ಲಾಭ ಆದ್ರೆ ನಾನೂ ಹೋಗ್ತೀನಿ ಎಂದರಂತೆ. ಹಾಗೆ ನೋಡಿದರೆ ಊರಿಗೆ ಊರೇ ಹೊರಗೆ ಹೋಗಬೇಕಾಗುತ್ತದೆ, ಕೂತುಕೊಳ್ಳಿ ಎಂದರಂತೆ ಉಳಿದವರು.

ಮೆಟ್ಟಿಲಿಳಿದು ಬಂದು ಸುದ್ದಿ ಹೇಳಿದವಳು ಅಕ್ಕ. “ಮುಚ್ಚೋದು ಬೇಡ ಅಂತ ಎಂಟು ಕೈ, ಮುಚ್ಚಬೇಕು ಅಂತ ಒಂದು,” ಎಂದಳು. ಆ ಒಬ್ಬರು ಪ್ರತಿವರ್ಷ ಖರ್ಚಿನ ಲೆಕ್ಕ ಹೇಳುವ ಸದಸ್ಯರು. ಅವರು ಒಂದು ಕಾಸೂ ಕಟ್ಟಿರಲಿಲ್ಲ. ತಮಗೆ ಸರಿ ಕಂಡದ್ದಕ್ಕೆ ಕೈ ಎತ್ತಿದರು. ಅವರನ್ನು ಕಂಡರೆ ನನಗೆ ಇವತ್ತು ಗೌರವ ಹುಟ್ಟಿತು.

ನಾನು ನಕ್ಕೆ. ಬಾಯ್ತುಂಬ ನಕ್ಕೆ, ಆ ಕಟ್ಟಡದಲ್ಲಿ ಮೊದಲ ಸಲ. ಗುಡುಗಿನವರೇ ಬೆಚ್ಚಿದರು. ಕುಣಿಯಬೇಕೆನ್ನಿಸಿತು, ಜಾಗವಿರಲಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡು ಇವರ ಕಡೆ ನೋಡಿದಳು.

“ದುಡ್ಡು ಹೋಯ್ತಲ್ಲ ನಿಮ್ದು,” ಎಂದಳು.

“ಹೋಯ್ತು ಅತ್ತಿಗೆ.”

“ಒಳ್ಳೇದಾಯ್ತು,” ಎಂದಳು. ಆಮೇಲೆ ಆ ಒಂಬತ್ತು ತಿಂಗಳಿನವಳನ್ನು ಮೆಟ್ಟಿಲಿಳಿಸಲು ಒಂದು ಕೈ ಕೊಡಿ ಎಂದು ಇವರನ್ನೇ ಕರೆದಳು. ಇವರು ಗಡಿಯಾರದ ಪುಟ್ಟ ಚಕ್ರ ಎತ್ತುವಷ್ಟು ಎಚ್ಚರದಿಂದ ಅವಳನ್ನು ಇಳಿಸಿದರು.

ಏಪ್ರಿಲ್ 1, ಮಂಗಳವಾರ

ನಡಾವಳಿಗೆ ಸಹಿ ಹಾಕಲು ಅಧ್ಯಕ್ಷರು ತಡಮಾಡಿದರು. ಹದಿನಾಲ್ಕು ಹೆಸರುಗಳ ಬದಲು ‘ಕೆಲವು ಸದಸ್ಯರು’ ಎಂದರೆ ಸಾಲದೇ ಎಂದರು. ಸಾಲದು ಎಂದೆ. ನಿಮ್ಮ ಸುಳ್ಳಿನ ವಿಷಯವನ್ನಾದರೂ ಬಿಡಬಹುದಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರು. ಅದೂ ಇರಲಿ ಎಂದೆ. ಮೇಜಿನ ಮುಂದೆ ನಿಂತೇ ಇದ್ದೆ. ನಲವತ್ತು ನಿಮಿಷದ ಮೇಲೆ ಸಹಿ ಹಾಕಿದರು. ನಾನೇ ಹೋಗಿ ಫಲಕಕ್ಕೆ ಅಂಟಿಸಿದೆ, ನಾಲ್ಕೂ ಮೂಲೆಗೆ ಗೋಂದು ಹಚ್ಚಿ.

ಏಪ್ರಿಲ್ 9, ಬುಧವಾರ

ಮೇಲಿನ ಕಚೇರಿಯಿಂದ ನೋಟಿಸು ಬಂತು. ಇಪ್ಪತ್ತೆರಡು ವರ್ಷ ಸುಳ್ಳು ದಾಖಲೆ ಬರೆದದ್ದಕ್ಕೆ ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು. ಹೌದು, ಬರೆದೆ, ಇನ್ನು ಬರೆಯುವುದಿಲ್ಲ, ಓದುತ್ತೇನೆ ಎಂದು ಉತ್ತರ ಕೊಟ್ಟೆ. ಟೈಪಿಸ್ಟು ಇನ್ನೂ ಎರಡು ಪುಟ ಸೇರಿಸೋಣ ಎಂದರು. ಸೇರಿಸಲು ಏನಿದೆ?

ಆ್ಯಪಿನವರು ಈಗ ನನ್ನ ಮೇಲೆಯೇ ಪಣ ತೆರೆದಿದ್ದಾರಂತೆ, ನಡಾವಳಿಯವಳನ್ನು ತೆಗೆಯುತ್ತಾರೋ ಇಲ್ಲವೋ ಎಂದು. ತೆಗೆಯುತ್ತಾರೆ ಎನ್ನುವವರೇ ಹೆಚ್ಚು. ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು, ಆಮೇಲೆ ಸ್ವಲ್ಪ ಭಯವೂ ಆಯಿತು. ಭಯದಲ್ಲೇ ಸೋಮವಾರದ ಸಭೆಯಲ್ಲಿ ಐದು ವಿಷಯಕ್ಕೂ ಎದ್ದು ನಿಂತು ಓದಿದ್ದೇನೆ. ಚರಂಡಿಯ ವಿಷಯಕ್ಕೆ ಮೂವರು ಎದ್ದು ಹೊರಗೆ ಹೋದರು. ಚರಂಡಿಯಲ್ಲಿ ಏನು ಲಾಭವಿತ್ತೋ ಅವರಿಗೇ ಗೊತ್ತು.

ಏಪ್ರಿಲ್ 23, ಬುಧವಾರ

ಆದೇಶ ಬಂತು. ಒಂದು ವರ್ಷದ ಸಂಬಳ ಬಡ್ತಿ ಕಡಿತ, ಕೆಲಸ ಉಳಿಯಿತು. ಓದಿದವಳೇ ಕಚೇರಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ, ಕಡಿತವಾದ ಸಂಬಳದಲ್ಲೇ.

ಸಂಜೆ ಮನೆಗೆ ಬರುವ ದಾರಿಯಲ್ಲಿ ಸಲೂನಿನವನು ಕತ್ತರಿ ಹಿಡಿದುಕೊಂಡೇ ಅಡ್ಡ ಬಂದ. ನನ್ನಿಂದ ಅವನಿಗೆ ನಷ್ಟವಾಗಿದೆಯಂತೆ, ತೆಗೆಯುತ್ತಾರೆ ಎಂದು ಕಟ್ಟಿದ್ದನಂತೆ. ಕಟ್ಟುವ ಮೊದಲು ಒಂದು ಸುಳಿವು ಸಿಗಲಿ ಎಂದು ಇವರ ಅಂಗಡಿಗೆ ಹೋಗಿ ಕೇಳಿದ್ದನಂತೆ. ಗೆದ್ದರೆ ಅರ್ಧ ನಿಮಗೆ, ನಿಮ್ಮ ಸೂರು ರಿಪೇರಿಯಾಗುತ್ತದೆ ಎಂದೂ ಆಸೆ ತೋರಿಸಿದ್ದನಂತೆ. ಇವರು ನನಗೆ ಇದ್ಯಾವುದನ್ನೂ ಹೇಳಿಲ್ಲ.

“ಏನಂದ್ರು?” ಎಂದು ಕೇಳಿದೆ.

“ಏನಂತಾರೆ ಅಮ್ಮಾ. ಕಣ್ಣಿಂದ ಆ ಗಾಜು ತೆಗೆದು ಕೆಳಗಿಟ್ರು. ‘ಈ ವಿಷಯದಲ್ಲಿ ನಂಗೆ ಸ್ವಂತ ಲಾಭನಷ್ಟ ಇದೆ, ಅವಳು ನನ್ನ ಹೆಂಡ್ತಿ’ ಅಂದ್ರು. ಎದ್ದು ಹೊರಗೆ ಹೋಗಿಬಿಟ್ರು. ಅವರದೇ ಅಂಗಡಿ! ನಾನು ಒಬ್ಬನೇ ಒಳಗೆ ಕೂತಿದ್ದೆ, ಸುತ್ತ ಅಷ್ಟೊಂದು ಗಡಿಯಾರ ಟಿಕ್ ಟಿಕ್ ಅಂತ. ಎಷ್ಟು ಹೊತ್ತಾದ್ರೂ ಬರಲಿಲ್ಲ. ಕೊನೆಗೆ ನಾನೇ ಎದ್ದು ಬಂದೆ.”